ಅಮ್ಮ ಹಾಕಿದ ಕೊಕ್ಕೆ

ಅಕ್ಕನ ಮದುವೆಗೆ ಅಮ್ಮ ಕೊಕ್ಕೆ ಹಾಕಿದ್ದಳು. ಇಷ್ಟನ್ನು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪುತ್ತಾರೆ. ಇದರಾಚೆಗಿನದನ್ನು ಅಕ್ಕ ಒಂದು ಥರ ಹೇಳುತ್ತಾಳೆ, ಭಾವ ಇನ್ನೊಂದು ಥರ ಹೇಳುತ್ತಾರೆ. ಅಮ್ಮನಂತೂ ಅಂಥದ್ದೇನೂ ನಡೆದೇ ಇಲ್ಲ ಎನ್ನುತ್ತಾಳೆ. ಆ ದಿನದ ನನ್ನ ಡೈರಿ ತೆಗೆದು ನೋಡಿದರೆ, "ಅಕ್ಕನನ್ನು ನೋಡಿಕೊಂಡು ಹೋದರು. ಸ್ವಲ್ಪ ಹೊತ್ತು ಕರೆಂಟ್ ಇರಲಿಲ್ಲ. ಉಪ್ಪಿಟ್ಟಿಗೆ ಉಪ್ಪು ಜಾಸ್ತಿ" ಎಂದಷ್ಟೇ ಇದೆ. ಮೈಸೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದವಳು ನಾನು. ಸಮಾಜ ಕಣ್ಣೆದುರಿಗೇ ನಡೆಯುತ್ತಿದ್ದಾಗ ಅದನ್ನು ಬಿಟ್ಟು ಉಪ್ಪಿನ ಬಗ್ಗೆ ಯಾಕೆ ಬರೆದೆನೋ ಗೊತ್ತಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ನಡೆದದ್ದು ಎನ್ನುವುದಕ್ಕಿಂತ, ನಡೆದದ್ದು ಎಂದು ನಾನು ನಂಬಿಕೊಂಡು ಬಂದಿರುವುದು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿಗೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದರೆ ನಮ್ಮೂರು. ಹುಡುಗ ಹುಳಿಯಾರಿನಲ್ಲಿ ಲೈನ್‌ಮನ್. ಸಂಬಂಧ ತಂದವರು ನಮ್ಮೂರಿನ ಲೈನ್‌ಮನ್. ರಿಟೈರ್ ಆಗುವುದಕ್ಕೆ ಬಂದಿದ್ದ ಅವರನ್ನು ಊರಿನವರೆಲ್ಲ ಲೈನ್‌ಮನ್ ಮಾವ ಅನ್ನುತ್ತಿದ್ದರು. ತೆಂಗಿನ ಸೀಮೆಯಲ್ಲಿ ಈ ಕೆಲಸ ಎಂದರೆ ಮುಖ್ಯವಾಗಿ ತೆಂಗಿನ ಗರಿಯ ಜೊತೆ ಜಗಳ. ಒಂದು ಗಾಳಿ ಬೀಸಿದರೆ ಸಾಕು, ಒಣಗಿದ ಗರಿ ಹೋಗಿ ತಂತಿಯ ಮೇಲೆ ಕೂರುತ್ತದೆ, ಊರಿಗೆ ಊರೇ ಕತ್ತಲಾಗುತ್ತದೆ. ಲೈನ್‌ಮನ್ ಮಾವನ ಹತ್ತಿರ ಇದ್ದದ್ದು ತುದಿಗೆ ಕುಡುಗೋಲು ಕಟ್ಟಿದ ಬಿದಿರಿನ ದೋಟಿ. ಗರಿಯನ್ನೂ ಅದರಲ್ಲೇ ಎಳೆಯುತ್ತಿದ್ದರು, ಕಾಯಿಯನ್ನೂ ಅದರಲ್ಲೇ ಕೀಳುತ್ತಿದ್ದರು. ಆಫೀಸಿನಿಂದ ಅವರಿಗೊಂದು ಸೇಫ್ಟಿ ಬೆಲ್ಟ್ ಕೊಟ್ಟಿದ್ದರು. ಅದರಲ್ಲಿ ಎಮ್ಮೆ ಕಟ್ಟಿದ್ದರು. ಎಮ್ಮೆ ಒಂದು ದಿನವೂ ಕಂಬದಿಂದ ಬಿದ್ದಿರಲಿಲ್ಲ. ಬಿದ್ದದ್ದು ಮಾವ, ಅದೂ ನಮ್ಮ ಮನೆಯ ಎದುರಿನ ಕಂಬದಿಂದ ನಮ್ಮದೇ ತಿಪ್ಪೆಗೆ. ತಿಪ್ಪೆ ಮೆತ್ತಗಿದ್ದುದರಿಂದ ಉಳಿದರು, ಆದರೆ ಅವತ್ತಿನಿಂದ ಒಂದು ಕಾಲು ಎಳೆಯುತ್ತಿತ್ತು. ಅವರು ಬೀಳುವುದನ್ನು ಅಮ್ಮ ಬಾಗಿಲಲ್ಲಿ ನಿಂತು ನೋಡಿದ್ದಳು.

ಅಪ್ಪನಿಗೆ ಸಂಬಂಧ ಹಿಡಿಸಿತ್ತು. ಅಮ್ಮ ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟಳು.

"ಕಂಬದ ಮೇಲಿಂದ ಬೀಳೋನಿಗೆ ನಾನು ಮಗಳ್ನ ಕೊಡಲ್ಲ."

"ಬಿದ್ದೋನು ನಾನು ಕಣಮ್ಮ," ಅಂದರು ಲೈನ್‌ಮನ್ ಮಾವ. "ಆ ಹುಡುಗ ಇನ್ನೂ ಬಿದ್ದಿಲ್ಲ."

"ಇನ್ನೂ ಅಂತೀಯಲ್ಲ, ಅದೇ ನಂಗೆ ಭಯ."

ಅಪ್ಪ, "ನೋಡಿಕೊಂಡು ಹೋಗಲಿ ಬಿಡು, ಆಮೇಲೆ ಬೇಡ ಅಂದರಾಯ್ತು" ಅಂದರು. ಬೇಡ ಅನ್ನುವುದಕ್ಕೆ ಸಿದ್ಧಳಾಗಿಯೇ ಅಮ್ಮ ಉಪ್ಪಿಟ್ಟು ಕೆದಕಿದಳು. ಉಪ್ಪು ಜಾಸ್ತಿಯಾದದ್ದು ಬೇಕೆಂದೇ ಇರಬಹುದೇ ಎಂಬ ಅನುಮಾನ ನನಗೆ ಈಗಲೂ ಇದೆ.

ಭಾನುವಾರ ಹುಡುಗ ಬಂದ. ಜೊತೆಗೆ ಲೈನ್‌ಮನ್ ಮಾವ, ಮತ್ತೆ ಹುಡುಗನ ಸೋದರಮಾವ. ಈ ಸೋದರಮಾವ ಉಪ್ಪಿಟ್ಟು ತಿಂದದ್ದು ಬಿಟ್ಟರೆ ಅವತ್ತು ಬೇರೇನೂ ಮಾಡಿದ ನೆನಪು ನನಗಿಲ್ಲ. ಹುಡುಗನ ಕೈಯಲ್ಲಿ ದೊಡ್ಡ ಕ್ಯಾನ್ವಾಸ್ ಚೀಲ ಇತ್ತು. ಹಣ್ಣು, ಹೂವು ಇರಬೇಕೆಂದು ಅಜ್ಜಿ ಮೊರ ತಂದು ಮುಂದಿಟ್ಟಳು. ಅಕ್ಕ ಕಾಫಿ ಕೊಟ್ಟು, ತಲೆ ತಗ್ಗಿಸಿಯೇ ಅಡುಗೆಮನೆಗೆ ವಾಪಸ್ ಹೋದಳು. ಹುಡುಗ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಅಪ್ಪನ ಕಡೆ ನೋಡದೆ ನೇರ ಅಮ್ಮನ ಕಡೆ ತಿರುಗಿದ.

"ಅಮ್ಮ, ಇದಕ್ಕೆ ಮುಂಚೆ ಎರಡು ಮನೇಲಿ ಉಪ್ಪಿಟ್ಟು ತಿಂದಿದೀನಿ. ಎರಡು ಕಡೇನೂ ಜಾತಕ ಕೂಡ್ತು, ಕರೆಂಟ್ ಕೂಡ್ಲಿಲ್ಲ. ಅದಕ್ಕೆ ಈ ಸಲ ಜಾತಕ ಬುಟ್ಟು ಇದನ್ನ ತಂದಿದೀನಿ."

ಚೀಲ ಬಿಚ್ಚಿ ಅಜ್ಜಿಯ ಮೊರಕ್ಕೆ ಒಂದೊಂದಾಗಿ ತೆಗೆದಿಟ್ಟ. ಮೊಣಕೈವರೆಗೆ ಬರುವ ರಬ್ಬರ್ ಗ್ಲೌಸು. ಮರದ ಹಾಗೆ ಗಟ್ಟಿಯಾದ, ಮರವಲ್ಲದ ಒಂದು ಕೋಲಿನ ತುಂಡುಗಳು, ಒಂದಕ್ಕೊಂದು ತಿರುಗಿಸಿ ಜೋಡಿಸುವಂಥವು, ತುದಿಯಲ್ಲಿ ಬಾಗಿದ ಲೋಹದ ಕೊಕ್ಕೆ, ಕೊಕ್ಕೆಗೆ ಕಟ್ಟಿದ ಉದ್ದನೆಯ ತಾಮ್ರದ ವೈರು. ತಂತಿ ಮುಟ್ಟುವ ಮುಂಚೆ ಅದರಲ್ಲಿ ಉಳಿದಿರುವ ಕರೆಂಟನ್ನು ಭೂಮಿಗೆ ಇಳಿಸುವುದಕ್ಕೆ ಅಂತ ವಿವರಿಸಿದ.

"ದೋಟಿ ಅಲ್ವೇನಪ್ಪ ಇದು?" ಅಂದಳು ಅಜ್ಜಿ.

"ದೋಟಿ ಥರಾನೇ ಅಜ್ಜಿ."

"ಕಾಯಿ ಕೀಳಕ್ಕಾಯ್ತದಾ?"

"ಕೀಳಬಾರ್ದು ಅಜ್ಜಿ. ಆಫೀಸಿಂದು."

"ಕೀಳಬಾರ್ದು ಅಂದ್ಯಾ, ಆಗಲ್ಲ ಅಂದ್ಯಾ?"

ಹುಡುಗ ಲೈನ್‌ಮನ್ ಮಾವನ ಮುಖ ನೋಡಿದ. ಅವರು ಅಟ್ಟದ ಕಡೆ ನೋಡುತ್ತಿದ್ದರು. "ಆಯ್ತದೆ," ಅಂದ.

ಕೊನೆಗೆ ಬೆಲ್ಟು ಹೊರಗೆ ಬಂತು. ನನ್ನ ನೆನಪಿನಲ್ಲಿ ಅದು ಹಳದಿ ಬಣ್ಣದ್ದು. ಭಾವ ನೀಲಿ ಅನ್ನುತ್ತಾರೆ, ಅವರದೇ ಬೆಲ್ಟು, ಅವರ ಮಾತೇ ಇರಲಿ. ಸೊಂಟಕ್ಕೆ ಅಗಲವಾದ ಪಟ್ಟಿ, ಅದರಿಂದ ಹೊರಟ ದಪ್ಪ ಹಗ್ಗ, ಹಗ್ಗದ ತುದಿಯಲ್ಲಿ ಅಂಗೈಯಷ್ಟು ದೊಡ್ಡ ಕಬ್ಬಿಣದ ಹುಕ್ಕು. ಹಗ್ಗವನ್ನು ಕಂಬದ ಸುತ್ತ ತಂದು ಹುಕ್ಕನ್ನು ಪಟ್ಟಿಯ ಬಳೆಗೆ ಸಿಕ್ಕಿಸಿದರೆ ಆಯಿತು, ಎರಡು ಕೈ ಬಿಟ್ಟು ಕೆಲಸ ಮಾಡಬಹುದು.

"ಹಳೇ ಹುಕ್ಕು ಕಂಬಕ್ಕೆ ಉಜ್ಜಿದ್ರೆ ಬಿಚ್ಕೊಳ್ಳೋದು. ಇದು ಹೊಸಾದು, ಎರಡು ಲಾಕ್ ಐತೆ," ಅಂದ ಹುಡುಗ. "ಗೊತ್ತಿಲ್ದೋರು ಬಿಚ್ಚಕ್ಕೇ ಆಗಲ್ಲ."

ಅಮ್ಮ ನನ್ನ ಕಡೆ ತಿರುಗಿದಳು. "ನೀನು ಓದಿದೀಯಲ್ಲ, ನೋಡೇ. ತಡೀತದಾ?"

ನಾನು ಹುಕ್ಕನ್ನು ಕೈಯಲ್ಲಿ ತೂಗಿ, ಯೂನಿವರ್ಸಿಟಿಯ ಗಾಂಭೀರ್ಯದಿಂದ "ಗಟ್ಟಿ ಇದೆ" ಅಂದೆ. ಅಮ್ಮನಿಗೆ ನನ್ನ ಮೇಲಿದ್ದ ಅಲ್ಪಸ್ವಲ್ಪ ನಂಬಿಕೆಯೂ ಅವತ್ತು ಹೋಯಿತು ಅಂತ ಕಾಣುತ್ತದೆ. ಹುಡುಗ ತಾನೇ ಕಟ್ಟಿಕೊಂಡು ತೋರಿಸಲು ಎದ್ದ.

"ನಿಂಗೆ ಅಭ್ಯಾಸ. ನಿಂಗೆ ಕಟ್ಟಿದ್ರೆ ನಂಗೇನು ಗೊತ್ತಾಯ್ತದೆ?" ಅಂದಳು ಅಮ್ಮ. "ನಂಗೆ ಕಟ್ಟು."

ಅತ್ತೆಯಾಗಬೇಕಾದವಳ ಸೊಂಟಕ್ಕೆ ಹುಡುಗ ಹೇಗೆ ಬೆಲ್ಟು ಕಟ್ಟುವುದು? ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತು ಹೇಳಿದ ಹಾಗೆ ನಾನೇ ಕಟ್ಟಿದೆ. ನಡುಮನೆಯ ಕಂಬ ನಮ್ಮ ಮನೆಯ ಅಟ್ಟವನ್ನು ಹೊತ್ತದ್ದು. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ತೆಂಗಿನಕಾಯಿ ಇದ್ದವು. ಆ ಕಂಬಕ್ಕೆ ಹಗ್ಗ ಸುತ್ತಿ ತಂದಾಗ ಹುಡುಗ ಮುಂದೆ ಬಂದು ಹುಕ್ಕು ಮಾತ್ರ ಸಿಕ್ಕಿಸಿ ಹಿಂದೆ ಸರಿದ.

"ಈಗ ಹಿಂದಕ್ಕೆ ವಾಲಿ ಅಮ್ಮ. ಕಂಬ ಬುಡಿ."

"ಬುಟ್ಟೆ."

"ಇನ್ನೂ ಒಂದು ಕೈಲಿ ಹಿಡ್ಕೊಂಡಿದೀರಿ."

"ಇರ್ಲಿ ಬುಡು, ಒಂದು ಕೈ."

"ಬುಡೇ, ಮಗಳ್ನ ಕೊಡಲ್ಲ ಅಂದ್ಬುಡಬೌದಂತೆ, ಕಂಬ ಬುಡಕ್ಕಾಗಲ್ವಂತೆ," ಅಂದಳು ಅಜ್ಜಿ.

ಅಮ್ಮ ಬಿಟ್ಟಳು. ಅಟ್ಟದ ಕಾಯಿಗಳು ಲೊಟ್ಟ ಅಂದವು. ಬೆಲ್ಟು ಹಿಡಿದುಕೊಂಡಿತು. ಗಾಳಿಯಲ್ಲಿ ಕುರ್ಚಿ ಹಾಕಿ ಕೂತವಳಂತೆ ಅಮ್ಮ ವಾಲಿ ನಿಂತಳು. ಅವಳ ಮುಖದ ಬಿಗಿ ನಿಧಾನಕ್ಕೆ ಸಡಿಲವಾಯಿತು. "ನನ್ನ ಸೊಂಟನೋವಿಗೆ ಒಳ್ಳೇದೇ ಆಯ್ತು ಕಣೇ" ಅಂದಳು. ಬಿಚ್ಚಲಾ ಎಂದು ಹುಡುಗ ಕೇಳಿದ್ದಕ್ಕೆ, "ಇರಪ್ಪ ಸ್ವಲ್ಪ ಹೊತ್ತು" ಅಂದಳು. ಸಂಬಂಧದ ಬಗ್ಗೆ ಮಾತ್ರ ಇನ್ನೂ ಏನೂ ಹೇಳಲಿಲ್ಲ.

ಅಷ್ಟರಲ್ಲಿ ಹೊರಗೆ ಚಟ್ಟನೆ ಸದ್ದಾಯಿತು, ಫ್ಯಾನು ನಿಂತಿತು. ಲೈನ್‌ಮನ್ ಮಾವ ಕಾಲೆಳೆಯುತ್ತಾ ಬಾಗಿಲಿಗೆ ಹೋಗಿ ನೋಡಿದರು. ಎದುರಿನ ಕಂಬದ ತಲೆಯಲ್ಲೇ ಒಂದು ಗರಿ ಸಿಕ್ಕಿಕೊಂಡಿತ್ತು.

"ದೋಟಿಗೆ ಬರಲ್ಲ ಅದು. ಹತ್ತಬೇಕು. ಬಾರ್ಲಾ," ಅಂದರು ಹುಡುಗನಿಗೆ.

"ಇದು ನನ್ನ ಸೆಕ್ಷನ್ ಅಲ್ಲ ಮಾವ."

"ಹೆಣ್ಣು ನೋಡಕ್ಕೆ ಬೇರೆ ಸೆಕ್ಷನ್‌ಗೆ ಬರಬೌದು, ಗರಿ ತೆಗಿಯಕ್ಕೆ ಬರಬಾರ್ದಾ? ನಡೀಲಾ."

ಹುಡುಗ ನಕ್ಕು, ಗ್ಲೌಸು, ಕೋಲು ತೆಗೆದುಕೊಂಡು ಹೊರಟ. ಮಾವ ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರ್‌ಗೆ ಹೋಗಿ ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು ಬಂದರು. ಹುಡುಗ ಕೋಲಿನ ಕೊಕ್ಕೆಯನ್ನು ತಂತಿಗಳಿಗೆ ಮುಟ್ಟಿಸಿ ನೋಡಿದ. ಆಮೇಲೆ ಕಂಬ ತಬ್ಬಿ ಹತ್ತತೊಡಗಿದ. ನಡುಮನೆಯ ಕಂಬಕ್ಕೆ ವಾಲಿಕೊಂಡಿದ್ದ ಅಮ್ಮನಿಗೆ ತೆರೆದ ಬಾಗಿಲಲ್ಲಿ ಅದೆಲ್ಲ ನೇರ ಕಾಣುತ್ತಿತ್ತು. ಅವನು ಆಳೆತ್ತರ ಹೋಗುವ ಹೊತ್ತಿಗೆ ಅವಳಿಗೆ ಹೊಳೆಯಿತು.

"ಅಯ್ಯೋ, ಬೆಲ್ಟು ಇಲ್ಲೇ ಐತಲ್ಲ. ಅವನು ಹಂಗೇ ಹತ್ತುತಾವ್ನೆ. ಬಿಚ್ಚ್ರೇ ಇದನ್ನ."

ಬೆಲ್ಟು ಬೇಕು ಅಂತ ಕೇಳಲು ಸಂಕೋಚವಾಯಿತು ಎಂದು ಭಾವ ಈಗ ಹೇಳುತ್ತಾರೆ. ಬಾಗಿಲಿಗೆ ಸರಿಯಾಗಿ ಕಾಣುವ ಮಗ್ಗುಲಲ್ಲೇ ಯಾಕೆ ಹತ್ತಿದಿರಿ ಎಂದು ಕೇಳಿದರೆ ಪೇಪರ್ ಓದತೊಡಗುತ್ತಾರೆ.

ನಾನು ಹುಕ್ಕನ್ನು ಒತ್ತಿದೆ, ತಿರುಗಿಸಿದೆ, ಎಳೆದೆ. ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ ಅದನ್ನೇ ಇನ್ನೂ ಜೋರಾಗಿ ಮಾಡಿದರು. ಸೊಂಟದ ಪಟ್ಟಿ ಬಿಚ್ಚಿದರೆ ಅಮ್ಮ ಹೊರಗೆ ಬರುತ್ತಿದ್ದಳು, ಆದರೆ ನಾನು ಕಟ್ಟಿದ ಬಿಗಿಗೆ ಅದೂ ಬರಲಿಲ್ಲ. ಅಜ್ಜಿ ಮಚ್ಚು ತಂದಳು.

"ಹಗ್ಗ ಕೊಯ್ದ್ರೆ ಅವನು ಏನು ಕಟ್ಕೊಂಡು ಹತ್ತಾನೆ?" ಅಂತ ಅಮ್ಮ ಅಜ್ಜಿಯ ಮೇಲೆ ರೇಗಿದಳು. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು, "ಇಳಿಯಪ್ಪಾ ಕೆಳಕ್ಕೆ. ಬೆಲ್ಟು ಕೊಟ್ಟು ಕಳಿಸ್ತೀವಿ."

ಹುಡುಗ ಇದ್ದಲ್ಲೇ ಕಂಬ ತಬ್ಬಿಕೊಂಡು ನಿಂತ. ಕೆಳಗಿದ್ದ ಲೈನ್‌ಮನ್ ಮಾವ, "ಏನೂ ಆಗಲ್ಲ ಬುಡಮ್ಮ. ಸರ್ವೀಸೆಲ್ಲ ನಾನು ಬೆಲ್ಟ್ ಇಲ್ದೇನೇ ಹತ್ತಿಲ್ವಾ?" ಅಂದರು.

"ನಿನಗೆ ನಾನು ಮಗಳ್ನ ಕೊಡ್ತಿಲ್ಲ ಬುಡಯ್ಯ," ಅಂದಳು ಅಮ್ಮ.

ತಾನು ಏನು ಹೇಳಿದೆ ಎಂಬುದು ಅಮ್ಮನ ಕಿವಿಗೆ ಆಮೇಲೆ ಬಿತ್ತು. ಈ ಮಾತನ್ನು ಅವಳು ಹೀಗೇ ಹೇಳಿದಳೋ, ಹೇಳಿ ಹೇಳಿ ನಾನೇ ಹೀಗೆ ತಿದ್ದಿದೆನೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆದರೆ ಅಪ್ಪ ಗೋಡೆಯ ಕಡೆ ತಿರುಗಿ ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ.

ಆಗ ಅಕ್ಕ ಅಡುಗೆಮನೆಯಿಂದ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಹುಕ್ಕಿಗೆ ಕೈ ಹಾಕಿದಳು, ಟಕ್ ಅಂತು, ಬಿಚ್ಚಿಕೊಂಡಿತು. ಒಂದೇ ಕೈಯಲ್ಲಿ. ಪಟ್ಟಿಯನ್ನೂ ಬಿಚ್ಚಿ, ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು, ರೇಷ್ಮೆ ಸೀರೆಯಲ್ಲೇ ಬೀದಿಗಿಳಿದು ಕೊಟ್ಟುಬಂದಳು. ನೋಡಲು ಬಂದ ಗಂಡಿನ ಹತ್ತಿರಕ್ಕೆ ಹೆಣ್ಣೇ ಹೀಗೆ ನಡೆದು ಹೋದದ್ದು ನಮ್ಮೂರಿನಲ್ಲಿ ಮೊದಲ ಸಲವಿರಬೇಕು.

ವಾಪಸ್ ಬಂದವಳನ್ನು ಅಜ್ಜಿ ಬಾಗಿಲಲ್ಲೇ ತಡೆದಳು. ಮಚ್ಚು ಇನ್ನೂ ಕೈಯಲ್ಲೇ ಇತ್ತು.

"ಎಲ್ಲಿ ಕಲ್ತೆ ಅದನ್ನ?"

"ಆಗ್ಲೇ ಅವ್ರು ತೋರಿಸಿದ್ರಲ್ಲ ಅಜ್ಜಿ."

"ಅವನು ತೋರ್ಸಿದ್ದು ಹಾಕೋದ್ನ. ಬಿಚ್ಚೋದ್ನ ಎಲ್ಲಿ ತೋರ್ಸಿದ?"

ಅಕ್ಕ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಉತ್ತರ ನನಗೆ ಸಿಕ್ಕಿದ್ದು ಎಷ್ಟೋ ಕಾಲದ ಮೇಲೆ. ಅಕ್ಕ ಆಗ ಹುಳಿಯಾರಿಗೆ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದಳು. ಆ ಕ್ಲಾಸಿನ ಕಿಟಕಿಯ ಎದುರಿಗೇ ಒಂದು ಕಂಬ. ಆ ವರ್ಷ ಆ ಕಂಬಕ್ಕೆ ಆದಷ್ಟು ರಿಪೇರಿ ತಾಲ್ಲೂಕಿನ ಬೇರೆ ಯಾವ ಕಂಬಕ್ಕೂ ಆಗಿರಲಾರದು. ಆ ಎರಡು ಮನೆಯ ಉಪ್ಪಿಟ್ಟಿನ ವಿಷಯ ಕೇಳಿದರೆ ಅಕ್ಕ, "ಯಾವ ಎರಡು ಮನೆ?" ಅನ್ನುತ್ತಾಳೆ.

ಅವತ್ತು ಅಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡು ಚಾಪೆಯ ಮೇಲೆ ಕೂತಳು. ಹೊರಗೆ ಗರಿ ಕೆಳಗೆ ಬಿದ್ದ ಸದ್ದಾಯಿತು, ಸ್ವಲ್ಪ ಹೊತ್ತಿಗೆ ಫ್ಯಾನು ತಿರುಗಿತು. ಹುಡುಗ ಕೈಕಾಲು ತೊಳೆದು ಒಳಗೆ ಬಂದು, ಬೆಲ್ಟನ್ನು ಚೀಲಕ್ಕೆ ಹಾಕಲು ಹೊರಟ. ಅಮ್ಮ ಕೈ ಚಾಚಿದಳು. ಅವನು ಕೊಟ್ಟ. ಅವಳು ಹುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಇದನ್ನ ಬಿಚ್ಚೋದು ಯಾರ್ಯಾರಿಗೆ ಹೇಳ್ಕೊಟ್ಟಿದೀಯಪ್ಪ?"

ಸೋದರಮಾವ ತಟ್ಟೆಯಿಂದ ಕೈ ತೆಗೆದರು. ಬೀದಿಗೆ ಕೇಳುವ ಹಾಗೆ ಕೂಗಿದ್ದ ಮಾತನ್ನು ಅಮ್ಮ ಹಿಂದಕ್ಕೆ ತೆಗೆದುಕೊಳ್ಳಲು ಇದೇ ಸಮಯ ಎಂದು ನಮಗೆಲ್ಲ ಗೊತ್ತಿತ್ತು. ಅವಳಿಗೆ ಈಗ ಕಾರಣವೂ ಸಿಕ್ಕಿತ್ತು, ಕಂಬದ್ದಕ್ಕಿಂತ ದೊಡ್ಡ ಕಾರಣ. ಅವಳು ಬೇಡ ಅಂದಿದ್ದರೆ ಅಪ್ಪನೂ ಏನೂ ಮಾಡುವಂತಿರಲಿಲ್ಲ.

ಹುಡುಗ ನೆಲ ನೋಡುತ್ತಾ, "ಒಬ್ರಿಗೇ, ಅತ್ತೆ," ಅಂದ.

ಅಲ್ಲಿಯವರೆಗೆ ಅಮ್ಮ ಅಮ್ಮ ಅನ್ನುತ್ತಿದ್ದವನು. ಅಮ್ಮ ತಲೆ ಎತ್ತಿ ಅವನನ್ನು ನೋಡಿದಳು, ಅಡುಗೆಮನೆಯ ಬಾಗಿಲನ್ನು ನೋಡಿದಳು. ಅಲ್ಲಿ ಅಕ್ಕನ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು.

"ಇನ್ಯಾರಿಗೂ ಹೇಳ್ಕೊಡಬೇಡ," ಅಂದಳು. ಆಮೇಲೆ ಹುಕ್ಕನ್ನು ಅವನ ಕಡೆ ತಳ್ಳಿ, "ನಂಗೊಂದು ತೋರ್ಸ್ಬುಡು. ಇನ್ನೊಂದ್ಸಲ ಕಂಬಕ್ಕೆ ಕಟ್ಟಿಸ್ಕೊಂಡು ಅರಚಕ್ಕೆ ನನ್ನ ಕೈಲಾಗಲ್ಲ" ಅಂದಳು.

ಅವನು ಚಾಪೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಹುಕ್ಕಿನ ಬೆನ್ನಿನ ಕಡೆ ಒತ್ತಿಕೊಂಡೇ ಅದರ ಬಾಯಿ ತೆಗೆಯಬೇಕು, ಎರಡೂ ಒಟ್ಟಿಗೆ ಆಗಬೇಕು ಎಂದು ಹೇಳಿದ. ಅಮ್ಮ ಒತ್ತಿದಳು. ಬರಲಿಲ್ಲ. ತುಟಿ ಕಚ್ಚಿಕೊಂಡು ಮತ್ತೆ ಒತ್ತಿದಳು. ಎಲ್ಲರೂ ಅವಳ ಬೆರಳುಗಳನ್ನೇ ನೋಡುತ್ತಿದ್ದೆವು.

"ಹೆಬ್ಬೆಟ್ಟಲ್ಲಿ ಅಲ್ಲ ಕಣಮ್ಮ," ಅಂದಳು ಅಕ್ಕ ಅಡುಗೆಮನೆಯಿಂದ. "ಅಂಗೈಯಲ್ಲಿ ಒತ್ತು."