ಕೆರೆಯಂಗಳದ ಕೊನೆಯ ಮನೆ

ಹೋದ ವಾರ ಮಹದೇವಪುರದ ನಮ್ಮ ಅಪಾರ್ಟ್‌ಮೆಂಟಿನ ಎದುರು ಒಬ್ಬರು ರಸ್ತೆಯ ಗುಂಡಿಗೆ ಉದ್ದದ ಕಬ್ಬಿಣದ ಕೀಲಿ ಇಳಿಸಿ ನೀರಿನ ವಾಲ್ವ್ ತಿರುಗಿಸುತ್ತಿದ್ದರು. ತುಕ್ಕು, ಒದ್ದೆ ಮಣ್ಣು ಎರಡೂ ಬೆರೆತ ವಾಸನೆ. ತರಕಾರಿ ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ಅಂಥದೇ ಕೀಲಿ ಹೆಗಲ ಮೇಲಿಟ್ಟುಕೊಂಡು, ಮಾಕಳಿಯಿಂದ ಒಳಗಿನ ಹಳ್ಳಿಯೊಂದರಲ್ಲಿ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದ ನೀರುಗಂಟಿ ನೆನಪಾದರು.

ಆಗ ನಾನು ಸಣ್ಣದೊಂದು ಸಂಸ್ಥೆಯಲ್ಲಿದ್ದೆ. ಹೊರದೇಶದ ನೆರವಿನಿಂದ ಹಳ್ಳಿಗಳಿಗೆ ನಲ್ಲಿ, ಶೌಚಾಲಯ ಮಾಡಿಸುವ ಯೋಜನೆ. ಕೆಲಸ ಶುರುವಾಗುವ ಮೊದಲು ಮನೆಮನೆಯ ಸ್ಥಿತಿ ಬರೆದಿಟ್ಟುಕೊಳ್ಳಬೇಕು. ಮುಂದೆ ಏನು ಬದಲಾಯಿತು ಅಂತ ಹೋಲಿಸಿ ನೋಡುವುದಕ್ಕೆ. ಬೇಸ್‌ಲೈನ್ ಸರ್ವೆ ಅನ್ನುತ್ತಿದ್ದೆವು. ಪ್ರಶ್ನೆ ಕೇಳುವವರು ಬರುವ ಮುಂಚೆ ಊರಿನ ನಕ್ಷೆ ಬರೆದು, ಒಂದು ಮನೆಯೂ ಬಿಟ್ಟುಹೋಗದಂತೆ ಪಟ್ಟಿ ಮಾಡುವುದು ನನ್ನ ಕೆಲಸ. ಎಲ್ಲ ಮನೆ ಗೊತ್ತಿರುವುದು ನೀರು ಬಿಡುವವರಿಗೇ ಅಂತ ಪಂಚಾಯಿತಿಯವರು ಆ ನೀರುಗಂಟಿಯನ್ನು ನನ್ನ ಜೊತೆ ಕಳಿಸಿದ್ದರು.

ಅವರು ನನ್ನನ್ನು ಮೊದಲ ದಿನದಿಂದಲೂ ನಂಬಲಿಲ್ಲ. ಒಂದೊಂದು ಮನೆ ಮುಗಿದಾಗಲೂ "ಏನ್ ಬರ್ಕೊಂಡ್ರಿ, ಓದಿ ಮೇಡಂ" ಅನ್ನುತ್ತಿದ್ದರು. ತಲೆ ಒಂದು ಕಡೆ ವಾಲಿಸಿ, ಅಕ್ಷರ ಅಕ್ಷರ ಕೇಳಿಸಿಕೊಳ್ಳುತ್ತಿದ್ದರು. ತಮ್ಮ ಮನೆಯ ಸರದಿ ಬಂದಾಗ ಮನೆ ಯಜಮಾನ ಅಂತ ತೀರಿಹೋದ ಅಣ್ಣನ ಹೆಸರು ಬರೆಸಿದ್ದರು. ಅದು ನನಗೆ ಗೊತ್ತಾಗಿದ್ದು ಎರಡು ದಿನ ಬಿಟ್ಟು, ಪಕ್ಕದ ಮನೆಯ ಅಜ್ಜಿಯಿಂದ. ಕೇಳಿದ್ದಕ್ಕೆ ನಾಚಿಕೊಳ್ಳಲೂ ಇಲ್ಲ.

"ನಮ್ಮೊಲ ಓಗಿದ್ದೂ ಇಂಗೇ ಕಣ್ರೀ. ಇಬ್ರು ಬಂದು ಎಷ್ಟ್ ಜನ, ಎಷ್ಟ್ ದನ ಅಂತ ಬರ್ಕೊಂಡ್ ಓದ್ರು. ಆಮ್ಯಾಕೆ ಕಲ್ ನೆಟ್ರು."

ಆ ಹೊಲದಲ್ಲಿ ಈಗ ಯಾವುದೋ ಕಂಪನಿಯ ಗೋಡೌನ್ ಇತ್ತು.

ನಾನೂ ಅವರನ್ನು ನಂಬಲಿಲ್ಲ. ಕೆರೆ ಕಡೆಯ ದಾರಿ ಬಂದಾಗೆಲ್ಲ ಅವರು ಇನ್ನೊಂದು ಬೀದಿಗೆ ತಿರುಗಿಬಿಡುತ್ತಿದ್ದರು. ಅಲ್ಲೇನಿದೆ ಅಂದರೆ, ಬರೀ ಜಾಲಿ ಗಿಡ ಅನ್ನುತ್ತಿದ್ದರು. ಆದರೆ ಆ ಜಾಲಿಯ ಹಿಂದಿನಿಂದ ಬೆಳಿಗ್ಗೆ ಬೆಳಿಗ್ಗೆ ಹೊಗೆ ಏಳುತ್ತಿತ್ತು. ಮಣ್ಣಲ್ಲಿ ಅರ್ಧ ಹುಗಿದ ಕಪ್ಪು ಪೈಪೊಂದು ಅತ್ತಲೇ ಹೋಗಿತ್ತು. ಊರ ನೀರನ್ನು ಕದ್ದು ಯಾರಿಗೋ ಮಾರುತ್ತಿದ್ದಾರೆ ಅಂತ ನಾನು ತೀರ್ಮಾನಿಸಿಬಿಟ್ಟೆ. ಎಷ್ಟು ಸುಲಭವಾಗಿ ತೀರ್ಮಾನಿಸಿದೆ...

ಮರುದಿನ ಅವರು ಬರುವ ಮೊದಲೇ ಒಬ್ಬಳೇ ಹೋದೆ. ಬತ್ತಿದ ಕೆರೆಯಂಗಳದಲ್ಲಿ ಸಾಲಾಗಿ ಹನ್ನೊಂದು ಶೀಟಿನ ಮನೆಗಳು. ಕೆಲವರು ಪೀಣ್ಯದ ಫ್ಯಾಕ್ಟರಿಗಳಿಗೆ ಹೋಗುವವರು, ಕೆಲವರು ಹೊಲ ಹೋದ ಮೇಲೆ ಬಂದು ಕೂತವರು. ಒಬ್ಬರನ್ನು ಕೇಳಿದೆ: ನೀರಿಗೆ ಏನು ಕೊಡ್ತೀರಿ? ಏನೂ ಇಲ್ಲ, ನೀರುಗಂಟಿಯೇ ಪೈಪು ಹಾಕಿಕೊಟ್ಟಿದ್ದು ಅಂದರು. ಚಾಕ್‌ಪೀಸು ತೆಗೆದೆ. ಆಮೇಲೆ ಬಾಗಿಲಿಗೆ ನಂಬರು ಬರೆಯುತ್ತಾ ಹೋದೆ.

ಹತ್ತನೇ ಮನೆ ಮುಗಿಸುವಷ್ಟರಲ್ಲಿ ಅವರು ಓಡೋಡಿ ಬಂದರು. ಕೂಗಾಡಲಿಲ್ಲ. ಕೊನೆಯ ಮನೆಯ ಮುಂದೆ ಹೋಗಿ ನಿಂತರು. ಬಾಗಿಲಿಗೆ ಹೊರಗಿನಿಂದ ಚಿಲಕ.

"ಇಲ್ಲಿ ಯಾರಿದಾರೆ?"

"ಯಾರೂ ಇಲ್ಲ. ಊರ್ ಬುಟ್ ಓದ್ರು."

ಹಗ್ಗದ ಮೇಲೆ ಮಗುವಿನ ಫ್ರಾಕೊಂದು ಇನ್ನೂ ತೊಟ್ಟಿಕ್ಕುತ್ತಿತ್ತು. ನಾನು ಅದನ್ನು ನೋಡಿದೆ. ಅವರೂ ನೋಡಿದರು.

"ಇದೊಂದ್ ಮನೆ ಬುಟ್ಬುಡವ್ವಾ" ಅಂದರು. ಅಲ್ಲಿಯವರೆಗೆ ಮೇಡಂ ಆಗಿದ್ದವಳು ಅವ್ವ ಆದೆ. "ನನ್ ಮಗಳ್ ಮನೆ. ನಮ್ಮೊಲ ಓದಂಗೆ ಇದೂ ಓಗದ್ ಬ್ಯಾಡ."

ಅಷ್ಟು ದಿನದಲ್ಲಿ ಆ ಕೆರೆಯಂಗಳದ ಬಗ್ಗೆ ಅವರು ನನಗೆ ಹೇಳಿದ ಮೊದಲ ನಿಜ ಅದು. ಪೈಪಿನ ವಿಷಯದಲ್ಲಿ ಅವರನ್ನು ಕಳ್ಳ ಅಂದುಕೊಂಡಿದ್ದ ತಪ್ಪಿತಸ್ಥ ಭಾವನೆಯೂ ಇತ್ತು. ಪುಸ್ತಕದಲ್ಲಿ ಹನ್ನೊಂದನೇ ಮನೆಯ ಎದುರು 'ಖಾಲಿ' ಅಂತ ಬರೆದೆ. ಅವರು ಓದಿಸಿ ಕೇಳಿದರು. ತಲೆಯಾಡಿಸಿದರು. ಹೀಗೆ ಬರೆಯುವವರನ್ನು ತರಬೇತಿಯಲ್ಲಿ ಎಲ್ಲರೆದುರು ಬಯ್ಯುತ್ತಿದ್ದವಳು ನಾನೇ.

ನಲ್ಲಿಗಳು ಬಂದವು. ಎರಡು ವರ್ಷಕ್ಕೆ ಕೆರೆ ಹೂಳೆತ್ತುವ ಕೆಲಸವೂ ಬಂತು. ಅಂಗಳದಲ್ಲಿದ್ದವರು ಏಳಬೇಕು, ಆದರೆ ಮೊದಲಿಂದ ಇದ್ದವರಿಗೆ ಬೇರೆ ಕಡೆ ಮನೆ ಕೊಡುತ್ತೇವೆ ಅಂದರು ಸರ್ಕಾರದವರು. ಮೊದಲಿಂದ ಇದ್ದವರು ಯಾರು? ನಮ್ಮ ಪಟ್ಟಿ ತೆಗೆಸಿ ನೋಡಿದರು. ಹತ್ತು ಸಂಸಾರಕ್ಕೆ ಮನೆ ಸಿಕ್ಕಿತು.

ನೀರುಗಂಟಿ ನಮ್ಮ ಪೀಣ್ಯದ ಆಫೀಸಿಗೆ ಬಂದರು. ಕೂರಿ ಅಂದರೂ ಕೂರಲಿಲ್ಲ.

"ಬರ್ಕೊಂಡೋರ್ಗೆ ಮನೆ ಸಿಗ್ತದೆ ಅಂತ ನಿಂಗೆ ಗೊತ್ತಿತ್ತು."

"ಇಲ್ಲ ಯಜಮಾನ್ರೇ. ದೇವರಾಣೆಗೂ ಗೊತ್ತಿರಲಿಲ್ಲ."

"ಓದ್ದೋಳು ನೀನು. ಅವತ್ತೇ ನಂಗೇಳ್ಬೌದಾಗಿತ್ತು."

ಅದೇ ಮಧ್ಯಾಹ್ನ ಅವರನ್ನು ನಮ್ಮ ಮೇಲಿನವರ ಹತ್ತಿರ ಕರೆದುಕೊಂಡು ಹೋದೆ. ನಾನು ಸುಳ್ಳು ಬರೆದೆ ಅಂದೆ. ಒಂದು ಸುಳ್ಳು ಅಂತ ಒಪ್ಪಿಕೊಂಡರೆ ಇಡೀ ಸರ್ವೆಯನ್ನೇ ಅನುಮಾನಿಸುತ್ತಾರೆ, ಸುಮ್ಮನಿರು ಅಂದರು ಮೇಲಿನವರು. ಸುಮ್ಮನಿರಲಿಲ್ಲ. ತಪ್ಪು ನನ್ನದು ಅಂತ ಬರೆದು, ಸಹಿ ಹಾಕಿ, ಮನೆ ಹಂಚುವ ಕಚೇರಿಗೆ ನಾನೇ ಹೋಗಿ ಕೊಟ್ಟೆ. ಅಲ್ಲಿದ್ದವರು ನನ್ನ ಕಾಗದ ನೋಡಿ, ನನ್ನ ಪಕ್ಕ ನಿಂತಿದ್ದ ನೀರುಗಂಟಿಯನ್ನು ನೋಡಿ ನಕ್ಕರು. ಅವತ್ತು ಖಾಲಿ ಅಂದ್ರಿ, ಇವತ್ತು ಇದ್ರು ಅಂತೀರಿ, ಯಾವುದನ್ನ ನಂಬೋದು ಮೇಡಂ? ಪಟ್ಟಿ ಬದಲಾಗಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಅವರು ಕಂಬ ಹಿಡಿದು ನಿಂತೇ ಬಂದರು. ಸಂಸ್ಥೆಯವರು ಆಮೇಲೆ ನನ್ನನ್ನು ಹಳ್ಳಿಗಳಿಗೆ ಕಳಿಸುವುದನ್ನು ನಿಲ್ಲಿಸಿದರು. ವರ್ಷದೊಳಗೆ ನಾನೇ ಕೆಲಸ ಬಿಟ್ಟೆ.

ಈ ಭಾನುವಾರ ಮನಸ್ಸು ತಡೆಯದೆ ಆ ಊರಿಗೆ ಹೋದೆ. ನೀರುಗಂಟಿ ತೀರಿಹೋಗಿ ಎರಡು ವರ್ಷವಾಯಿತು ಅಂದರು ಅಂಗನವಾಡಿ ಟೀಚರ್. ಮಗಳು ಟಿ. ದಾಸರಹಳ್ಳಿಯಲ್ಲಿ ಬಾಡಿಗೆಗಿದ್ದಾಳೆ ಅಂತ ವಿಳಾಸ ಕೊಟ್ಟರು. ಮೂರನೇ ಮಹಡಿ, ಒಂದೇ ರೂಮು. ಬಾಗಿಲು ತೆರೆದವಳಿಗೆ ನಾನು ಯಾರೆಂದು ಹೇಳಿದೆ. ಅವಳ ಕೈ ಚಿಲಕದ ಮೇಲೇ ಇತ್ತು.

"ಅಪ್ಪ ಕೊನೇವರ್ಗೂ ಅದೇ ಹೇಳ್ತಿದ್ರು. ಆ ಮೇಡಂಗೆ ಗೊತ್ತಿತ್ತು ಅಂತ."

"ನೀವೇನ್ ಅಂದ್ಕೊಂಡಿದೀರಾ?"

ಅವಳು ನನ್ನ ಬ್ಯಾಗು ನೋಡಿದಳು. "ಈಗ ಯಾವ್ದಕ್ಕೆ ಬಂದಿದೀರಾ?"

"ಸುಮ್ನೆ... ನೋಡ್ಕೊಂಡ್ ಹೋಗೋಣ ಅಂತ."

ಅದು ನನಗೇ ಸುಳ್ಳಿನ ಹಾಗೆ ಕೇಳಿಸಿತು. ಅವಳು ಒಳಗೆ ಬನ್ನಿ ಅನ್ನಲಿಲ್ಲ. ನಾನು ಕೆಳಗಿನ ಮಹಡಿ ಮುಟ್ಟುವವರೆಗೂ ಬಾಗಿಲಲ್ಲೇ ನಿಂತು, ಹೋದೆನೋ ಇಲ್ಲವೋ ಅಂತ ಬಗ್ಗಿ ನೋಡುತ್ತಿದ್ದಳು. ನನಗೆ ಗೊತ್ತಿರಲಿಲ್ಲ ಅನ್ನುವ ಮಾತನ್ನು ನಂಬಬೇಕಾದವರು ಅವಳ ಅಪ್ಪ ಒಬ್ಬರೇ ಇದ್ದರು. ಅವರೀಗ ಇಲ್ಲ.