ಜಲಜಕ್ಕನ ಗೆರೆ ಇರುವ ದುರ್ಬೀನು

ದಾರಿ ಕೇಳಿದವರಿಗೆ ಜಲಜಕ್ಕ ಎಂದೂ ‘ಇಲ್ಲೇ ಹತ್ತಿರ’ ಎಂದು ಹೇಳುತ್ತಿರಲಿಲ್ಲ. ಗೋರೆಗಾಂವ್ ಸ್ಟೇಷನ್ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, ಸ್ವಲ್ಪ ಯೋಚಿಸಿ, “ಒಂದು ಪಾತ್ರೆ ಇಡ್ಲಿ ಬೇಯುವಷ್ಟು ಹೊತ್ತು ಬೇಕು. ಅದೂ ನಿಮ್ಮ ಕಾಲು ಹೇಗೆ ಉಂಟೋ ಹಾಗೆ” ಎನ್ನುತ್ತಿದ್ದರು. ಕೇಳಿದವರು ನಗುತ್ತಾ ಹೋಗುತ್ತಿದ್ದರು. ಜಲಜಕ್ಕ ಮಾತ್ರ ನಗುತ್ತಿರಲಿಲ್ಲ.

ಮೊದಲು ಅವರು ಹೀಗಿರಲಿಲ್ಲ. ಉಡುಪಿಯ ಕಡೆಯಿಂದ ಹುಡುಗಿಯಾಗಿದ್ದಾಗಲೇ ಅಣ್ಣನ ಜೊತೆ ಮುಂಬಯಿಗೆ ಬಂದವರು. ಅಣ್ಣ ಸದಾನಂದಣ್ಣನ ಹೋಟೆಲಿನ ಅಡುಗೆಮನೆ ಪೂರ್ತಿ ಇವರ ಕೈಯಲ್ಲಿತ್ತು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮ ಬಿಲ್ಡಿಂಗಿನಲ್ಲಿ ಯಾರಿಗೂ ಇರಲಿಲ್ಲ. ನೀರಿನ ಟ್ಯಾಂಕರ್ ಜಗಳವಾಗಲಿ, ಗಣಪತಿಯ ಚಂದಾ ವಿಷಯವಾಗಲಿ, ಸೊಸೈಟಿ ಮೀಟಿಂಗಿನಲ್ಲಿ ಎಲ್ಲರೂ ಮಾತಾಡಿ ದಣಿದ ಮೇಲೆ ಕೊನೆಗೆ ಜಲಜಕ್ಕ ಒಂದು ಮಾತು ಹೇಳುತ್ತಿದ್ದರು. ಅಲ್ಲಿಗೆ ಮೀಟಿಂಗ್ ಮುಗಿಯುತ್ತಿತ್ತು. ಸೆಕ್ರೆಟರಿ ಕದಮ್ ಸಾಹೇಬರು ಕೂಡ “ಮಾವಶಿ ಕಾಯ್ ಮ್ಹಣತಾತ್”, ಚಿಕ್ಕಮ್ಮ ಏನನ್ನುತ್ತಾರೆ, ಎಂದು ಅವರ ಮುಖ ನೋಡುತ್ತಿದ್ದರು.

ನಮ್ಮ ಮನೆ ಎರಡನೇ ಮಹಡಿಯಲ್ಲಿ, ಅವರದು ನಾಲ್ಕನೆಯದರಲ್ಲಿ. ನಮ್ಮಪ್ಪ ವಿಜಯಪುರದಿಂದ ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರು. ನಾನು ಓದಿ, ಕಟ್ಟಡ ಕಂಪನಿಯೊಂದರಲ್ಲಿ ಸರ್ವೇಯರ್ ಆಗಿದ್ದೆ. ಜಲಜಕ್ಕನ ಮಂಗಳೂರು ಕನ್ನಡಕ್ಕೂ ನಮ್ಮ ಕನ್ನಡಕ್ಕೂ ಮೊದಮೊದಲು ಹೊಂದಾಣಿಕೆ ಆಗುತ್ತಿರಲಿಲ್ಲ. “ನಿನ್ನ ಭಾಷೆ ಕೇಳಿದರೆ ಯಾರೋ ಜಗಳಕ್ಕೆ ಬಂದ ಹಾಗೆ ಆಗುತ್ತದೆ ಬಸು” ಎನ್ನುತ್ತಿದ್ದರು. ಆದರೂ ಭಾನುವಾರದ ನೀರುದೋಸೆ ನನಗೆ ತಪ್ಪುತ್ತಿರಲಿಲ್ಲ.

ನಮ್ಮ ಬಿಲ್ಡಿಂಗಿನ ಹಿಂಭಾಗಕ್ಕೆ ಆರೆ ಕಾಲೊನಿಯ ಕುರುಚಲು ಕಾಡು. ಕಾಂಪೌಂಡ್ ಗೋಡೆಯಾಚೆ ಒಂದು ಬಾಲವಾಡಿಯ ಕೋಣೆ, ಅದರಾಚೆ ಹುಲ್ಲು, ಒಂದು ನಾಲೆ, ನಾಲೆಯ ಆಚೆ ದಿಬ್ಬದ ಮೇಲೆ ದೊಡ್ಡ ಕಪ್ಪು ಬಂಡೆ. ಸಂಜೆ ಬಾಲವಾಡಿಯಲ್ಲಿ ಶುಭಾಂಗಿ ಎಂಬ ಹೆಣ್ಣುಮಗಳು ಪಕ್ಕದ ವಠಾರದ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಒಂದು ಸಂಜೆ ಗ್ಯಾಲರಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಜಲಜಕ್ಕನಿಗೆ ಆ ಬಂಡೆಯ ಮೇಲೆ ಚಿರತೆಯೊಂದು ಕೂತದ್ದು ಕಂಡಿತು. ನಾಲ್ಕನೇ ಮಹಡಿಯಿಂದ ನೋಡುವಾಗ ನಡುವಿನ ಹುಲ್ಲು, ನಾಲೆ ಎಲ್ಲ ಮಡಚಿಹೋಗಿ ಬಂಡೆಯು ಬಾಲವಾಡಿಯ ಗೋಡೆಗೆ ಅಂಟಿಕೊಂಡಂತೆ ಕಾಣುತ್ತದೆ. ಅವರು ಅಲ್ಲಿಂದಲೇ ಕೂಗಿದರು. ಜನ ಸೇರಿದರು. ಟೀವಿಯವರು ಬಂದಾಗಲೂ ಮಾತಾಡಿದ್ದು ಅವರೇ. ಮಕ್ಕಳು ಕೂತಿರುವ ಗೋಡೆಯ ಪಕ್ಕದಲ್ಲೇ ಇತ್ತು, ಐವತ್ತು ಅಡಿ ಕೂಡ ಇಲ್ಲ ಎಂದರು. ಜಲಜಕ್ಕ ಹೇಳಿದ ಮೇಲೆ ಸಂಶಯ ಪಡುವವರು ಯಾರು?

ಅರಣ್ಯ ಇಲಾಖೆಯವರು ಬಂದು ನೋಡಿ, ಬೋನು ಇಡುವ ಅಗತ್ಯವಿಲ್ಲ, ಅದರ ಪಾಡಿಗೆ ಅದು ಹೋಗುತ್ತದೆ ಎಂದರು. ಜನ ಒಪ್ಪಲಿಲ್ಲ. ರಸ್ತೆಗೆ ಅಡ್ಡ ಕೂತರು. ಕೊನೆಗೆ ಬೋನು ಬಂತು, ಚಿರತೆ ಬಿತ್ತು. ಬಿಲ್ಡಿಂಗಿನಲ್ಲಿ ಪೇಡೆ ಹಂಚಿದರು. ಆಮೇಲೆ ತಿಳಿದದ್ದು, ಅದು ಹಾಲೂಡಿಸುತ್ತಿದ್ದ ತಾಯಿ ಎಂದು. ಇಲಾಖೆಯವರು ಮರಿಗಾಗಿ ಹುಡುಕಾಡಿದಾಗ ನಾಲೆಯ ಮೋರಿಯೊಳಗೆ ಒಂದು ಮರಿ ಸತ್ತು ಬಿದ್ದಿತ್ತು. ತಾಯಿ ಬೋನಿನ ಸರಳು ಕಚ್ಚಿ ಕಚ್ಚಿ ಕೋರೆಹಲ್ಲು ಮುರಿದುಕೊಂಡಿತ್ತು. ಬೇಟೆಯಾಡಲಾರದ ಪ್ರಾಣಿಯನ್ನು ಮತ್ತೆ ಕಾಡಿಗೆ ಬಿಡುವ ಹಾಗಿಲ್ಲ. ಬೊರಿವಲಿಯ ಕಾಡಿನಂಚಿನ ಒಂದು ಆಶ್ರಯ ಕೇಂದ್ರದಲ್ಲಿ ಅದಕ್ಕೆ ಜಾಗವಾಯಿತು.

ಈ ಸುದ್ದಿ ತಿಳಿದ ಭಾನುವಾರ ಜಲಜಕ್ಕ ದೋಸೆ ಮಾಡಲಿಲ್ಲ. ನನ್ನನ್ನು ಗ್ಯಾಲರಿಗೆ ಕರೆದು, “ನೀನು ಅಳೆಯುವ ಕೆಲಸದವನಲ್ಲವಾ. ಆ ಬಂಡೆಗೂ ಗೋಡೆಗೂ ಎಷ್ಟು ಅಂತರ, ಅಳೆದು ಹೇಳು” ಎಂದರು.

“ಈಗ್ಯಾಕ ಬೇಕ್ರಿ ಅದೆಲ್ಲ, ಬಿಡ್ರಿ ಜಲಜಕ್ಕ” ಎಂದೆ.

“ಬೇಕು.”

ಅಳೆದೆ. ಗೋಡೆಯಿಂದ ಬಂಡೆಗೆ ನೂರ ಅರವತ್ತು ಮೀಟರ್ ಇತ್ತು. ಐನೂರು ಅಡಿಗಿಂತ ಹೆಚ್ಚು, ನಡುವೆ ನಾಲೆ ಬೇರೆ. ಹೇಳಬೇಕೋ ಬೇಡವೋ ಎಂದು ಮೆಟ್ಟಿಲ ಮೇಲೆ ನಿಂತು ಯೋಚಿಸಿದೆ. ಕಡಿಮೆ ಮಾಡಿ ಹೇಳಬಹುದಿತ್ತು. ಆದರೆ ಅವರು ಕೇಳಿದ ರೀತಿಯಲ್ಲಿ ಸುಳ್ಳಿಗೆ ಜಾಗವಿರಲಿಲ್ಲ. ಹೇಳಿದೆ. ಅವರು ಗ್ಯಾಲರಿಯ ಕಂಬಿ ಹಿಡಿದು ಬಂಡೆಯ ಕಡೆ ನೋಡಿದರು.

“ನಾನು ಸುಳ್ಳು ಹೇಳಿದ್ದಲ್ಲ ಮಾರಾಯ. ಕಣ್ಣಿಗೆ ಹಾಗೆಯೇ ಕಂಡದ್ದು. ಸುಳ್ಳು ಹೇಳಿದ್ದಾದರೆ ಇನ್ನು ಹೇಳುವುದಿಲ್ಲ ಅಂತ ದೇವರ ಮುಂದೆ ಆಣೆ ಹಾಕಬಹುದು. ಇದಕ್ಕೆ ಎಂತ ಆಣೆ ಹಾಕುವುದು?”

ಅಂದಿನಿಂದ ಅವರು ಮೀಟಿಂಗಿನಲ್ಲಿ ಮಾತಾಡುವುದನ್ನು ಬಿಟ್ಟರು. ಊಟದಲ್ಲಿ ಉಪ್ಪು ಸರಿಯಿದೆಯಾ ಎಂದು ಹೋಟೆಲಿನ ಹುಡುಗರನ್ನು ಕೇಳತೊಡಗಿದರು. ನಲವತ್ತು ವರ್ಷ ಆ ಒಲೆಯ ಮುಂದೆ ನಿಂತವರು. ಸದಾನಂದಣ್ಣ ನನ್ನ ಹತ್ತಿರ ಬಂದು, “ಅವಳಿಗೆ ಏನಾಗಿದೆ ಬಸು, ಸಾರಿಗೆ ಹುಳಿ ಹಾಕುವುದಕ್ಕೂ ನನ್ನನ್ನು ಕೇಳುತ್ತಾಳೆ” ಎಂದು ಸಂಕಟಪಟ್ಟರು.

ಒಂದು ದಿನ ಅವರೇ ಕೇಳಿದರು, ನೋಡಿದ ಕೂಡಲೇ ದೂರ ಎಷ್ಟೆಂದು ತಿಳಿಸುವ ದುರ್ಬೀನು ಇದೆಯಾ ಎಂದು. ಹಡಗಿನವರು ಬಳಸುವ ದುರ್ಬೀನಿನಲ್ಲಿ ಒಳಗೇ ಅಳತೆಯ ಗೆರೆಗಳಿರುತ್ತವೆ ಎಂದೆ. ಮುಂದಿನ ರಜೆಯ ದಿನ ನಾವಿಬ್ಬರೂ ಲೋಕಲ್ ಹಿಡಿದು ಚರ್ಚ್‌ಗೇಟಿನಲ್ಲಿ ಇಳಿದು ಫೋರ್ಟ್ ಪ್ರದೇಶದ ಹಳೆಯ ಅಂಗಡಿಯೊಂದಕ್ಕೆ ಹೋದೆವು.

ಅಂಗಡಿಯವ ಮೊದಲು ಹನ್ನೆರಡು ಪಟ್ಟು ದೊಡ್ಡದಾಗಿ ತೋರಿಸುವುದೊಂದನ್ನು ಕೊಟ್ಟ. ಜಲಜಕ್ಕ ಬಾಗಿಲಲ್ಲಿ ನಿಂತು ನೋಡಿ ವಾಪಸ್ ಕೊಟ್ಟರು. “ನನ್ನ ಕೈ ನಡುಕವೂ ಹನ್ನೆರಡು ಪಟ್ಟು ಆಯಿತು.” ಆಮೇಲೆ ಅವನು ಗುಂಡಿ ಒತ್ತಿದರೆ ಬೆಳಕು ಹಾರಿಸಿ ದೂರವನ್ನು ಅಂಕಿಯಲ್ಲೇ ತೋರಿಸುವ ಯಂತ್ರ ತಂದ. ನನಗೂ ಅದೇ ಸುಲಭ ಅನ್ನಿಸಿತು. ಅವರು ಕೇಳಿದ ಪ್ರಶ್ನೆ ಮಾತ್ರ ಬೇರೆ. ಚಿರತೆಯ ಮುಂದೆ ಹುಲ್ಲು ಇದ್ದರೆ ಅದು ಯಾವುದರ ದೂರ ಹೇಳುತ್ತದೆ? ಹುಲ್ಲಿನದ್ದೂ ಹೇಳಬಹುದು ಎಂದು ಅಂಗಡಿಯವ ಒಪ್ಪಿಕೊಂಡ. “ಹಾಗಾದರೆ ನನ್ನ ಕಣ್ಣಿಗೂ ಇದಕ್ಕೂ ಏನು ವ್ಯತ್ಯಾಸ” ಎಂದು ಅದನ್ನು ಬದಿಗಿಟ್ಟರು.

ಮೂರನೆಯದು ಹಡಗಿನದು. ಏಳು ಪಟ್ಟು, ಮುಂದಿನ ಗಾಜು ಐವತ್ತು ಮಿಲಿಮೀಟರ್. ಮುಸ್ಸಂಜೆಯ ಬೆಳಕಿಗೆ ಒಳ್ಳೆಯದು, ಮಳೆನೀರು ಒಳಗೆ ಹೋಗುವುದಿಲ್ಲ, ಆದರೆ ಒಂದು ಕಿಲೋ ಮೀರಿದ ಭಾರ. ಹಿಟ್ಟಿನ ಹಂಡೆ ಎತ್ತಿದ ಕೈ ಇದು, ಭಾರದ ಚಿಂತೆ ಬೇಡ ಎಂದರು. ಅದರಲ್ಲೂ ಎರಡು ಬಗೆ ಇತ್ತು. ಒಂದರಲ್ಲಿ ಗೆರೆಗಳ ಜೊತೆಗೆ ದಿಕ್ಸೂಚಿಯೂ ಒಳಗೇ ಇತ್ತು. ಇದನ್ನೇ ತಗೊಳ್ಳಿ, ದಿಕ್ಕೂ ತಿಳಿಯುತ್ತದೆ ಎಂದು ಅಂಗಡಿಯವ ಒತ್ತಾಯ ಮಾಡಿದ.

“ದಿಕ್ಕು ನನಗೆ ಗೊತ್ತುಂಟು. ದೂರವೇ ಗೊತ್ತಾಗುವುದಿಲ್ಲ” ಎಂದರು ಜಲಜಕ್ಕ.

ಬರೀ ಗೆರೆ ಇರುವುದನ್ನೇ ಆರಿಸಿದರು. ಕನ್ನಡಕ ಹಾಕಿಕೊಂಡು ನೋಡಿದಾಗ ಕೆಳಗಿನ ಗೆರೆಗಳು ಕಾಣುತ್ತಿರಲಿಲ್ಲ. ಕಣ್ಣಿಗೆ ತಾಗುವ ರಬ್ಬರನ್ನು ಮಡಚಿ ಮತ್ತೆ ನೋಡಿದರು. ಗೆರೆ ಇರುವುದು ಬಲಗಣ್ಣಿನ ಕಡೆ ಮಾತ್ರ. ಅವರ ಒಳ್ಳೆಯ ಕಣ್ಣೂ ಅದೇ ಆಗಿತ್ತು. ಎದುರಿನ ಕಟ್ಟಡದ ಕಿಟಕಿ, ಬಸ್ಸು, ಮರದ ಮೇಲಿನ ಕಾಗೆ, ಎಲ್ಲದರ ಮೇಲೂ ಗೆರೆ ಇಟ್ಟು ನೋಡಿದ ಮೇಲೆಯೇ ಹ್ಞೂಂ ಎಂದದ್ದು.

ಲೆಕ್ಕ ಕಲಿಸಲು ನಾನು ಭಯಪಟ್ಟಿದ್ದೆ. ಅದೇನೂ ಕಷ್ಟವಾಗಲಿಲ್ಲ. ಸಾವಿರ ಮೀಟರ್ ಆಚೆ ಒಂದು ಮೀಟರ್ ಎತ್ತರದ ವಸ್ತು ಇದ್ದರೆ ಅದು ಒಂದು ಗೆರೆಯಷ್ಟು ಕಾಣುತ್ತದೆ. ಹತ್ತಿರ ಬಂದಷ್ಟೂ ಹೆಚ್ಚು ಗೆರೆ ತುಂಬುತ್ತದೆ. ವಸ್ತುವಿನ ಎತ್ತರ ಗೊತ್ತಿದ್ದರೆ ಸಾಕು, ಅದನ್ನು ಸಾವಿರದಿಂದ ಗುಣಿಸಿ, ಗೆರೆ ಎಣಿಸಿ ಭಾಗಿಸಿದರೆ ದೂರ ಸಿಗುತ್ತದೆ. ಚಿರತೆಯ ಭುಜದವರೆಗಿನ ಎತ್ತರ ಸುಮಾರು ಎರಡು ಅಡಿ. ಬಂಡೆಯ ಮೇಲೆ ನಿಂತರೆ ಅವರ ಗ್ಯಾಲರಿಯಿಂದ ಎರಡೂವರೆ ಗೆರೆ, ಬಾಲವಾಡಿಯ ಗೋಡೆಯ ಹತ್ತಿರ ನಿಂತರೆ ಏಳು ಗೆರೆ. ಇಷ್ಟನ್ನು ಅವರು ಬಾಯಿಪಾಠ ಮಾಡಿಕೊಂಡರು. ಭಾನುವಾರ ಬೆಳಿಗ್ಗೆ ನಾನು ಟೇಪು ಹಿಡಿದು ಹುಲ್ಲಿನಲ್ಲಿ ಓಡಾಡಿದರೆ ಅವರು ಮೇಲಿನಿಂದ ಮೊದಲು ಅಂದಾಜು ಹೇಳಿ ಆಮೇಲೆ ಗೆರೆ ಓದುತ್ತಿದ್ದರು. ಅಂದಾಜು ಪ್ರತಿಸಲವೂ ತಪ್ಪುತ್ತಿತ್ತು, ಅದೂ ಕಡಿಮೆಯ ಕಡೆಗೇ. ತಪ್ಪಿದಾಗಲೆಲ್ಲ ಅವರ ಮುಖ ಸಣ್ಣದಾಗುತ್ತಿತ್ತು. ಇದು ಕಲಿಕೆಯೋ, ತನಗೆ ತಾನೇ ಕೊಟ್ಟುಕೊಳ್ಳುವ ಶಿಕ್ಷೆಯೋ ಎಂದು ನನಗೆ ಅನುಮಾನ ಬರುತ್ತಿತ್ತು.

ಆಮೇಲೆ ಎಷ್ಟೋ ಸಲ ಚಿರತೆಗಳು ಕಂಡವು. ಜನ ಸೇರಿದರು. ಜಲಜಕ್ಕ ಗೆರೆ ಓದಿ, ಕದಮ್ ಸಾಹೇಬರ ಕೈಗೂ ದುರ್ಬೀನು ಕೊಟ್ಟು ಓದಿಸಿ, ನಾಲೆಯ ಆಚೆ ಇದೆ, ಹೋಗುತ್ತದೆ ಎಂದು ಎಲ್ಲರನ್ನೂ ಮನೆಗೆ ಕಳಿಸುತ್ತಿದ್ದರು. ಬೋನಿನ ಮಾತು ಬರುತ್ತಿರಲಿಲ್ಲ. ಅವರಿಗೆ ಸ್ವಲ್ಪ ಸಮಾಧಾನ ಆಗಿರಬಹುದು ಅಂದುಕೊಂಡಿದ್ದೆ.

ಆಗ ಆ ಸಂಜೆ ಬಂತು. ಚಳಿಗಾಲ, ಬೇಗ ಕತ್ತಲಾಗುವ ದಿನ. ನಾನು ಅವರ ಮನೆಯಲ್ಲಿ ಚಾ ಕುಡಿಯುತ್ತಿದ್ದೆ. ಕೆಳಗೆ ಶುಭಾಂಗಿಯ ಕೋಣೆಯಿಂದ ಮಕ್ಕಳು ಮಗ್ಗಿ ಹೇಳುವ ಸದ್ದು. ಅಂಗಳದಲ್ಲಿ ಹತ್ತಾರು ಜನ ಕತ್ತೆತ್ತಿ ನಿಂತು, “ಮಾವಶಿ, ಬಿಬಟ್ಯಾ ದಿಸ್ಲಾ ಕಾ, ಚಿರತೆ ಕಂಡಿತಾ, ಎಲ್ಲಿದೆ?” ಎಂದು ಕೂಗಿದರು. ಹುಲ್ಲಿನಲ್ಲಿ ಚಿರತೆ ಕಂಡಿದೆ ಎಂಬ ಗಾಳಿಸುದ್ದಿ ಅವರಿಗೆ ಮುಟ್ಟಿತ್ತು. ಜಲಜಕ್ಕ ದುರ್ಬೀನು ಎತ್ತಿ ನೋಡಿದರು. ಇಳಿಸಲೇ ಇಲ್ಲ. ಕೆಳಗಿನವರು ಮತ್ತೆ ಕೂಗಿದರು. ಅವರು ನನ್ನ ಕಡೆ ತಿರುಗಿ ದುರ್ಬೀನು ಚಾಚಿದರು.

“ನೀನು ಓದು ಬಸು.”

ಓದಿದೆ. ಏಳು ಗೆರೆಗೆ ಒಂಚೂರು ಕಡಿಮೆ. ಚಿರತೆ ಬಾಲವಾಡಿಯ ಗೋಡೆಯ ಆಚೆಗೇ, ಕೆಲವೇ ಮೀಟರ್ ದೂರದಲ್ಲಿ ನಿಂತಿತ್ತು.

“ಆರೂವರೆ ಮ್ಯಾಲ ಐತ್ರಿ.”

“ನನಗೂ ಅಷ್ಟೇ ಕಂಡದ್ದು” ಎಂದರು. ಆಮೇಲೆ ಮೆಲ್ಲಗೆ, “ದೂರ ಉಂಟು ಅಂತ ಹೇಳಿಬಿಡುವ ಅನ್ನಿಸಿತು. ಹಾಗೆ ಹೇಳಿದರೆ ಆ ಚಿರತೆ ಉಳಿಯುತ್ತದೆ ಅಲ್ಲವಾ” ಎಂದರು. ಮಗ್ಗಿ ನಿಂತು ಮಕ್ಕಳು ಚೀಲ ಎತ್ತಿಕೊಳ್ಳುವ ಗಲಾಟೆ ಕೇಳತೊಡಗಿತು. ಬಾಗಿಲು ತೆರೆಯುವ ಹೊತ್ತು.

ಜಲಜಕ್ಕ ಕಂಬಿಯ ಮೇಲೆ ಬಾಗಿ, ವರ್ಷಗಳಿಂದ ನಾನು ಕೇಳದಿದ್ದ ಆ ಹಳೆಯ ದನಿಯಲ್ಲಿ ಶುಭಾಂಗಿಗೆ ಹೇಳಿದರು, ಬಾಗಿಲು ತೆಗೆಯಬೇಡ, ಚಿರತೆ ಗೋಡೆಯ ಹಿಂದೆಯೇ ಇದೆ ಎಂದು. ಅಂಗಳದಲ್ಲಿ ಕೋಲಾಹಲವಾಯಿತು. ಯಾರೋ ಕಲ್ಲು ಎತ್ತಿಕೊಂಡರು, ಯಾರೋ ಬೋನು ಎಂದರು. ಅವರು ಮೆಟ್ಟಿಲಿಳಿದು ಹೋಗಿ ಗೇಟಿನ ಮುಂದೆ ನಿಂತುಬಿಟ್ಟರು. “ಇಲ್ಲಿಂದ ಯಾರೂ ಆಚೆ ಹೋಗುವ ಹಾಗಿಲ್ಲ. ಮಕ್ಕಳು ಒಳಗೆ ಕೂತಿರಲಿ. ಅದಕ್ಕೆ ಹೋಗಲಿಕ್ಕೆ ದಾರಿ ಬಿಡಿ. ಕಲ್ಲು ಹೊಡೆದರೆ ಅದು ಮಕ್ಕಳ ಕಡೆಗೇ ಓಡುತ್ತದೆ, ತಿಳಿಯಿತಾ?” ಹಿಂದಿ, ಮರಾಠಿ, ಕನ್ನಡ ಎಲ್ಲ ಸೇರಿಸಿ ಹೇಳಿದರು. ಕದಮ್ ಸಾಹೇಬರು ಹೋಗಿ ಅವರ ಪಕ್ಕ ನಿಂತರು. ನಾನು ಮೇಲಿನಿಂದ ನೋಡುತ್ತಲೇ ಇದ್ದೆ. ಚಿರತೆ ಗೋಡೆಯ ಗುಂಟ ಸ್ವಲ್ಪ ನಡೆದು, ನಿಂತು, ಕೊನೆಗೆ ನಾಲೆ ದಾಟಿ ದಿಬ್ಬ ಹತ್ತಿತು. ನಾನು ಕೂಗಿ ಹೇಳಿದ ಮೇಲೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ಮನೆ ಸೇರಿಸಿದರು. ಯಾರಿಗೂ ಏನೂ ಆಗಲಿಲ್ಲ. ಬೋನೂ ಬರಲಿಲ್ಲ.

ಎಲ್ಲರೂ ಹೊಗಳಿದರು. ಮೇಲೆ ಬಂದ ಜಲಜಕ್ಕ ತಣ್ಣಗಾದ ಚಾ ಮುಂದೆ ಕೂತು, “ಆಗಲೂ ಇಷ್ಟೇ ಸಾಕಿತ್ತು ಬಸು, ಬಾಗಿಲು ಹಾಕಿ ಅದಕ್ಕೆ ದಾರಿ ಬಿಡುವುದು. ಹತ್ತಿರವೇ ಇದ್ದಿದ್ದರೂ ಇಷ್ಟೇ ಸಾಕಿತ್ತು” ಎಂದು ಅತ್ತರು. ದೂರ ತಪ್ಪಿದ್ದೊಂದೇ ತನ್ನ ತಪ್ಪು ಎಂದು ಇಷ್ಟು ದಿನ ನಂಬಿದ್ದರು. ಈಗ ಆ ನಂಬಿಕೆಯೂ ಹೋಯಿತು.

ಮುಂದೆ ನನಗೆ ನಾಗಪುರದ ಸೈಟಿಗೆ ವರ್ಗವಾಯಿತು. ಅಲ್ಲಿದ್ದಾಗಲೇ ಸದಾನಂದಣ್ಣನ ಫೋನು ಬಂತು. ಜಲಜಕ್ಕ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಸಿದರಂತೆ, ಆಸ್ಪತ್ರೆ ಮುಟ್ಟುವ ಮೊದಲೇ ಹೋದರಂತೆ. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನು ಅವರನ್ನು ಕೊನೆಯ ಸಲ ಕಂಡದ್ದು ನಾಗಪುರಕ್ಕೆ ಹೊರಡುವ ಹಿಂದಿನ ವಾರ. “ಬೊರಿವಲಿಗೆ ಹೋಗಿ ಆ ತಾಯಿ ಚಿರತೆಯನ್ನು ನೋಡಿ ಬರುವ. ನೀನು ಹೋದರೆ ಆಮೇಲೆ ನನಗೆ ಒಬ್ಬಳೇ ಹೋಗಲಿಕ್ಕೆ ಆಗುವುದಿಲ್ಲ” ಎಂದರು. ಹೊರಗಿನವರನ್ನು ಅಲ್ಲಿ ಸುಲಭವಾಗಿ ಬಿಡುವುದಿಲ್ಲ. ಕದಮ್ ಸಾಹೇಬರ ಪರಿಚಯದಿಂದ ಒಪ್ಪಿಗೆ ಸಿಕ್ಕಿತ್ತು. ಅಲ್ಲಿಯ ಕಾವಲುಗಾರ, ನಡುವಯಸ್ಸಿನ ಮರಾಠಿಯವ, ನಮ್ಮನ್ನು ಒಂದು ದೊಡ್ಡ ಪಂಜರದ ಮುಂದೆ ನಿಲ್ಲಿಸಿದ. ಮುದಿಯಾಗಿದ್ದ ಚಿರತೆ ಮರದ ಹಲಗೆಯ ಮೇಲೆ ಮಲಗಿತ್ತು. ಕಣ್ಣು ತೆರೆದು ನಮ್ಮನ್ನು ನೋಡಿ ಮತ್ತೆ ಮುಚ್ಚಿಕೊಂಡಿತು.

ಇದಕ್ಕೆ ಮೂಳೆ ಕಡಿಯಲು ಆಗುವುದಿಲ್ಲ, ಮಾಂಸವನ್ನು ಸಣ್ಣಗೆ ಕತ್ತರಿಸಿ ಹಾಕುತ್ತೇನೆ ಎಂದು ಅವನು ಮರಾಠಿಯಲ್ಲಿ ವಿವರಿಸಿದ. ಬಂದವರಿಗೆಲ್ಲ ಹೇಳುವ ಕತೆಯಿರಬೇಕು, ಮುಂದುವರಿಸಿದ. ಪಾಪ, ಏನೂ ಮಾಡದ ಪ್ರಾಣಿ. ಗೋರೆಗಾಂವಿನ ಯಾವುದೋ ಬಿಲ್ಡಿಂಗಿನ ಹೆಂಗಸೊಬ್ಬಳು ಗೋಡೆಯ ಪಕ್ಕದಲ್ಲೇ ಕೂತಿದೆ ಎಂದು ಟೀವಿಯಲ್ಲಿ ಬೊಬ್ಬೆ ಹಾಕಿದಳಂತೆ.

ನಾನು ಮಾತು ಬದಲಿಸಲು ಬಾಯಿ ತೆರೆದೆ. ಜಲಜಕ್ಕ ನನ್ನ ಮೊಣಕೈ ಹಿಡಿದು ತಡೆದರು.

“ತೀ ಮೀಚ್” ಎಂದರು. ಆ ಹೆಂಗಸು ನಾನೇ.

ಅವನು ಅವರನ್ನೇ ನೋಡಿದ. ಬೈಯಲಿಲ್ಲ. ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಸ್ಟೂಲ್ ತಂದು, ಒರೆಸಿ, ಪಂಜರದ ಮುಂದೆ ಇಟ್ಟು, ಬೇಕಾದಷ್ಟು ಹೊತ್ತು ಇರಿ ಎಂದು ಹೇಳಿ ದೂರ ಹೋದ.

ನಾವು ಅಲ್ಲಿ ಬಹಳ ಹೊತ್ತು ಇದ್ದೆವು. ಮೊಣಕಾಲು ನೋವಿನ ಜಲಜಕ್ಕ ಸರಳಿನ ಎದುರು ನಿಂತೇ ಇದ್ದರು. ಸ್ಟೂಲಿನ ಮೇಲೆ ಕೂರಲಿಲ್ಲ.