ಸೈರಕಾನಳ ಮುಂದಿನ ಎರಡು ಹಲ್ಲುಗಳು

ಶಾಲೆಗೆ ಹೊಸದಾಗಿ ವರ್ಗವಾಗಿ ಬಂದ ಮೇಷ್ಟ್ರು ಸೈರಕಾನಳನ್ನು ಮೊದಲು ಕಂಡದ್ದು ಬೆಟ್ಟದ ಮೇಲಿನ ಬೇಸಿಗೆಯ ಹುಲ್ಲುಗಾವಲಿನಲ್ಲಿ, ಒಂದು ಕೆಂಪು ಹೆಣ್ಣುಕುದುರೆಯ ಮುಂದೆ. ಮರಿ ಸತ್ತ ಆ ಕುದುರೆ ಹಾಲು ಇಳಿಸದೆ ಹಟ ಹಿಡಿದಿತ್ತು. ಸೈರಕಾನ್ ಬೆರಳುದ್ದದ ಕಬ್ಬಿಣದ ಮೋರ್ಸಿಂಗ್ ವಾದ್ಯವನ್ನು ಮುಂದಿನ ಹಲ್ಲುಗಳಿಗೆ ಆನಿಸಿಕೊಂಡು ಮೀಟುತ್ತಿದ್ದಳು. ಕುದುರೆಯ ಕಿವಿಗಳು ಮೆಲ್ಲಗೆ ಅವಳತ್ತ ತಿರುಗಿದವು. ಬಿಗಿದ ಕೆಚ್ಚಲು ಸಡಿಲಿತು.

"ಏನಮ್ಮ ಹೇಳಿದೆ ಅದಕ್ಕೆ?" ಎಂದರು ಮೇಷ್ಟ್ರು.

"ನಾನೇನ್ ಹೇಳ್ಲಿ ಮೇಷ್ಟ್ರೇ? ಎಲ್ಲಾ ಇದೇ ಹೇಳತ್ತೆ. ನಂಗೆ ಮಾತು ಕಮ್ಮಿ."

ಆ ಮಾತು ನಿಜವಾಗಿತ್ತು. ಮದುವೆಯಲ್ಲಾಗಲಿ ಸಾವಿನ ಮನೆಯಲ್ಲಾಗಲಿ ಅವಳು ಬಾಯಿಬಿಟ್ಟು ಮಾತಾಡಿದ್ದನ್ನು ಕೇಳಿದವರು ಕಡಮೆ. ತಾಯಿಯಿಂದ ಬಂದ ಆ ಕಬ್ಬಿಣವೇ ಅವಳ ನಾಲಗೆಯಾಗಿತ್ತು. ಕೆಂಪು ಕುದುರೆ ಆಮೇಲೆ ವರ್ಷವರ್ಷವೂ ಮರಿ ಹಾಕಿತು. ಆದರೂ ಆ ನಾದ ಕೇಳದೆ ಅವಳಿಗೆ ಹಾಲು ಬಿಡುತ್ತಿರಲಿಲ್ಲ.

ಮೇಷ್ಟ್ರು ಬಂದ ಏಳನೆಯ ಬೇಸಿಗೆಯಲ್ಲಿ ಅದೇ ಕುದುರೆ ಅವಳನ್ನು ಒದೆಯಿತು. ಅದರ ತಪ್ಪೇನಿರಲಿಲ್ಲ, ದೊಡ್ಡ ನೊಣವೊಂದು ತೊಡೆಗೆ ಕಚ್ಚಿತ್ತು. ಮಂಡಿಯೂರಿ ಹಾಲು ಕರೆಯುತ್ತಿದ್ದವಳ ದವಡೆಗೆ ಗೊರಸು ತಾಗಿ ಮೂಳೆ ಮುರಿಯಿತು.

ಆ ಹುಲ್ಲುಗಾವಲಿನ ಅರ್ಧ ಜನರ ಕೈಕಾಲು ಕೂಡಿಸಿದವನು ಕಾಲ್ಮುರ್ಜಾ ಅಜ್ಜ. ಪಟ್ಟಣದ ಆಸ್ಪತ್ರೆ ಯಾರಿಗೂ ನೆನಪಾಗಲಿಲ್ಲ. ಅಜ್ಜ ಗಲ್ಲವನ್ನು ನೇರ ಮಾಡಿ, ಉಣ್ಣೆಗಂಬಳಿಯ ಪಟ್ಟಿಯಿಂದ ನೆತ್ತಿಗೆ ಸೇರಿಸಿ ಬಿಗಿದ.

"ನಲವತ್ತು ದಿನ ಬಾಯಿ ತೆಗೀಬೇಡ ಮಗಳೇ. ಸಾರು ಹೀರು, ಕುದುರೆ ಹಾಲು ಹೀರು. ಅಷ್ಟೇ."

ಆದರೆ ಮರುದಿನದಿಂದಲೇ ನೋಡಲು ಬರುವವರು ಶುರುವಾದರು. ಬಂದವರ ಕೈಯಲ್ಲೆಲ್ಲ ರೊಟ್ಟಿ. ಹಾಸುಬಟ್ಟೆಯ ಮೇಲಿಟ್ಟ ರೊಟ್ಟಿಗೆ ಬಾಯಿ ತಾಗಿಸದಿದ್ದರೆ ತಂದವರ ಮುಖಕ್ಕೆ ಹೊಡೆದಂತೆ.

"ಏನೇ, ಎಲ್ಲರ ಮನೇದು ತಿಂತೀಯ, ನನ್ ರೊಟ್ಟಿ ಅಂದ್ರೆ ದವಡೆ ನೋವಾ?" ಎಂದು ಪಕ್ಕದ ಗುಡಾರದ ಬುರುಲ್ಚಾ ನಕ್ಕಳು. "ಇಲಿ ಕಚ್ಚಿದಷ್ಟು ಸಾಕು ಕಣೇ."

ಸೈರಕಾನ್ ಪಟ್ಟಿ ಸಡಿಲಿಸಿ ಒಂದು ಚೂರು ಬಾಯಿಗಿಟ್ಟು ಮತ್ತೆ ಬಿಗಿದುಕೊಂಡಳು. ಹೀಗೆ ಮೂವತ್ತು ಗುಡಾರಗಳ ರೊಟ್ಟಿಯಾಯಿತು.

ನಲವತ್ತನೆಯ ದಿನ ಅಜ್ಜ ಬಂದು ಪಟ್ಟಿ ಬಿಚ್ಚಿ, "ಎಲ್ಲಿ, ಹಲ್ಲು ಕಚ್ಚು" ಎಂದ. ಎಡಗಡೆಯ ಹಿಂದಿನ ಹಲ್ಲುಗಳು ಮಾತ್ರ ಕೂಡಿದವು. ಮುಂದೆ ಬೆರಳು ತೂರುವಷ್ಟು ಸಂದು.

"ನಾನು ಕಟ್ಟಿದ್ದು ಹೀಗಲ್ಲ. ಯಾರು ಬಿಚ್ಚಿದ್ದು?"

ಬಾಗಿಲಲ್ಲಿ ನಿಂತಿದ್ದ ಬುರುಲ್ಚಾ ನೆಲ ನೋಡಿದಳು.

ಕೆಳಗಿನ ಎರಡು ಹಲ್ಲು ಕಪ್ಪಗಾಗಿ ವಸಡಿನಲ್ಲಿ ಕೀವು ಸೋರತೊಡಗಿದಾಗ ಗಂಡ ಎಸೆನ್‌ಗುಲ್ ಅವಳನ್ನು ಪಟ್ಟಣಕ್ಕೆ ಕರೆದೊಯ್ದ.

"ಮೂಳೆ ಮತ್ತೆ ಮುರಿದು ಕೂರಿಸ್ಬೇಕು," ಎಂದಳು ಡಾಕ್ಟರಮ್ಮ. "ಬಿರುಕಿನಲ್ಲಿರೋ ಈ ಎರಡು ಹಲ್ಲು ಸತ್ತಿವೆ, ಕೀಳ್ಬೇಕು."

"ಮುಂದಿನವು ಬೇಡ ಡಾಕ್ಟ್ರೇ. ಹಿಂದಿನವು ಎಷ್ಟು ಬೇಕಾದ್ರೂ ಕೀಳಿ."

"ಹಿಂದಿನವು ಗಟ್ಟಿಯಾಗಿವೆಯಲ್ಲಮ್ಮಾ!"

ಅಷ್ಟು ಮಾತನ್ನು ಹೆಂಡತಿ ಒಟ್ಟಿಗೆ ಆಡಿದ್ದನ್ನು ಎಸೆನ್‌ಗುಲ್ ಅದುವರೆಗೆ ಕೇಳಿರಲಿಲ್ಲ.

ಆ ಎರಡು ಹಲ್ಲು ಕಿತ್ತು, ಮೂಳೆ ಮತ್ತೆ ಕೂರಿಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಹೆಣೆದು ಆರು ವಾರ ಬಾಯಿ ಮುಚ್ಚಿದರು. ವಾಂತಿಯಾಗಿ ಉಸಿರು ಕಟ್ಟಿದರೆ ಕತ್ತರಿಸಲೆಂದು ಕೊಟ್ಟ ತಂತಿಕತ್ತರಿಯನ್ನು ಎಸೆನ್‌ಗುಲ್ ಹಗಲಿರುಳೂ ಕೊರಳಿಗೆ ನೇತುಹಾಕಿಕೊಂಡಿದ್ದ.

"ಈಗ ನಾನೇ ಯಜಮಾನ. ಎದುರಾಡು ನೋಡೋಣ," ಎಂದು ಅವನು ಕೆಣಕಿದರೆ ಅವಳು ಸೌಟು ಎತ್ತುತ್ತಿದ್ದಳು. ಆಗಿನ್ನೂ ಅವಳಲ್ಲಿ ಮತ್ತೆ ಮೀಟುವ ಆಸೆಯಿತ್ತು.

ತಂತಿ ತೆಗೆದಾಗ ಹಲ್ಲುಗಳು ಸರಿಯಾಗಿಯೇ ಕೂಡಿದವು. ಹೋದ ಎರಡರ ಜಾಗಕ್ಕೆ ತೆಗೆದು ಹಾಕುವ ಹಲ್ಲು ಕಟ್ಟಿಸಿಕೊಟ್ಟರು. ಮೂಳೆ ಸವೆದಿದೆ, ಅಲುಗದ ಹಲ್ಲು ಅಲ್ಲಿ ನಿಲ್ಲುವುದಿಲ್ಲ ಎಂದರು. ಒದೆ ಬಿದ್ದಾಗ ಮರಗಟ್ಟಿದ ಕೆಳತುಟಿಗೆ ಸ್ಪರ್ಶವೂ ಮರಳಲಿಲ್ಲ.

ಗುಡಾರಕ್ಕೆ ಬಂದ ದಿನ ಅವಳು ಮೋರ್ಸಿಂಗನ್ನು ಬಾಯಿಗಿಟ್ಟು ಮೀಟಿದಳು. ಕಟ್ಟಿಸಿದ ಹಲ್ಲು ಅಲುಗಿ ಟಕ್ ಟಕ್ ಎಂದಿತು. ನಾದ ಹುಟ್ಟಲಿಲ್ಲ. ಹಲ್ಲು ತೆಗೆದು ಮೀಟಿದಳು. ಕಬ್ಬಿಣ ವಸಡಿಗೆ ಕುಕ್ಕಿ ರಕ್ತ ಬಂತು. ಎಸೆನ್‌ಗುಲ್ ಹೊರಗೆ ಹೋಗಿ ಕುದುರೆಗಳ ಹಗ್ಗ ಸರಿಮಾಡುತ್ತ ನಿಂತ.

ಬುರುಲ್ಚಾ ಈಗಲೂ ರೊಟ್ಟಿ ತರುತ್ತಾಳೆ. ಆದರೆ ತಿನ್ನು ಎನ್ನುವುದಿಲ್ಲ, ಇಟ್ಟು ಹೋಗುತ್ತಾಳೆ. ಸೈರಕಾನ್ ಅವಳನ್ನು ಕೂಗಿ ನಿಲ್ಲಿಸಿ, ಅವಳ ಎದುರಿಗೇ ಒಂದು ಚೂರು ಬಾಯಿಗಿಡುತ್ತಾಳೆ.

ಈಗಲೂ ಬೇಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಅವಳು ಹಾಲು ಕರೆಯಲು ಹೋಗುತ್ತಾಳೆ. ಕೆಂಪು ಕುದುರೆಯ ಮುಂದೆ ನಿಂತು ಕಬ್ಬಿಣವನ್ನು ಹಲ್ಲಿಗೆ ಆನಿಸಿ ಎರಡು ಸಲ ಮೀಟುತ್ತಾಳೆ. ಕುದುರೆಯ ಕಿವಿ ತಿರುಗುವುದಿಲ್ಲ. ಕಟ್ಟಿಸಿದ ಹಲ್ಲನ್ನು ತೆಗೆದು ಜೇಬಿಗೆ ಹಾಕಿಕೊಂಡು ಮಂಡಿಯೂರುತ್ತಾಳೆ. ಮರಿ ಪಕ್ಕದಲ್ಲೇ ಇರುತ್ತದೆ; ಅವಳ ಬಾಯಿ ಕಟ್ಟಿದ್ದ ತಿಂಗಳುಗಳಲ್ಲಿ ಕುದುರೆಗೆ ಅಷ್ಟೇ ಸಾಕೆಂದು ರೂಢಿಯಾಗಿದೆ. ಹಾಲು ತಾನಾಗಿಯೇ ಇಳಿಯುತ್ತದೆ.